ಉಲ್ಕೆಯ ಕಥೆಗೆ ಅತ್ತೆಯ ತಕರಾರು

೧

ಆಕಾಶದಿಂದ ಬಿದ್ದ ಕಲ್ಲಿನ ಕಥೆಯನ್ನು ಎಲ್ಲಿಂದ ಶುರು ಮಾಡಬೇಕು? ಆಕಾಶದಿಂದಲೇ, ಅದನ್ನೂ ಕೇಳಬೇಕೆ, ಎನ್ನುತ್ತೀರಿ. ನಾನೂ ಹಾಗೇ ಅಂದುಕೊಂಡು ಬೆಳಿಗ್ಗೆ ಕೂತು ಇಷ್ಟು ಬರೆದೆ:

"ಮನುಷ್ಯನಿನ್ನೂ ಹುಟ್ಟಿರಲಿಲ್ಲ. ಹಕ್ಕಿಗಳಿಗೆ ಹೆಸರಿರಲಿಲ್ಲ. ಆಗ ಒಂದು ದಿನ, ಬಾನಿನ ಒಡಲನ್ನು ಸೀಳಿಕೊಂಡು, ಬೆಂಕಿಯ ಬೆಟ್ಟವೊಂದು..."

(ಆ ಮೂರು ಚುಕ್ಕಿಗಳನ್ನು ಗಮನಿಸಿ. ಮುಂದೇನು ಎಂದು ತೋಚದಾಗ ನಮ್ಮಂಥವರು ಚುಕ್ಕಿ ಇಟ್ಟು ಟೀ ಕುಡಿಯಲು ಏಳುತ್ತೇವೆ.)

"ಅದನ್ನ ನೋಡಿದೋರು ಯಾರಪ್ಪಾ?" ಎಂದರು ಅತ್ತೆ.

ಈ ಅತ್ತೆ ನನ್ನ ಅತ್ತೆಯಲ್ಲ. ಕಥೆಯೊಳಗಿನ ಸೊಸೆಗೆ ಅತ್ತೆ. ನಾನು ಅವರನ್ನು ಮೂರನೇ ಪುಟದಲ್ಲಿ ಕರೆಯೋಣ ಅಂದುಕೊಂಡಿದ್ದೆ. ಅವರು ಕರೆಯುವ ತನಕ ಕಾಯುವವರ ಪೈಕಿ ಅಲ್ಲ.

"ಯಾರೂ ನೋಡಿಲ್ಲಮ್ಮ. ಊಹೆ."

"ಊಹೆ ಮಾಡೋಕೆ ನಾನು ದುಡಿಯೋ ಕಡೆ ಮೇಲಿನ ಮಹಡೀಲಿ ಇಡೀ ಡಿಪಾರ್ಟ್‌ಮೆಂಟೇ ಇದೆ. ನೀನು ಯಾರಿಗೆ ಏನಾಯ್ತು ಅಂತ ಹೇಳು. ಯಾರೂ ಇಲ್ಲದ ಕಡೆ ಕಥೆ ಎಲ್ಲಿಂದ ಬರುತ್ತೆ?"

ಮಾತು ಸರಿಯಾಗಿತ್ತು. ಹಕ್ಕಿ, ಬಾನು, ಬೆಂಕಿಯ ಬೆಟ್ಟ ಎಲ್ಲವನ್ನೂ ಹೊಡೆದು ಹಾಕಿದೆ.

ಮತ್ತೆ ೧

ನೆಲಮಾಳಿಗೆಯಿಂದ ಶುರು ಮಾಡೋಣ. ವಿಶ್ವವಿದ್ಯಾಲಯದ ಭೂವಿಜ್ಞಾನ ವಿಭಾಗ. ಲಿಫ್ಟಿನಿಂದ ಇಳಿದು ಎಡಕ್ಕೆ ತಿರುಗಿದರೆ ಕಲ್ಲು ಕೊಯ್ಯುವ ಕೋಣೆ. ವಜ್ರದ ಅಂಚಿನ ಗರಗಸ, ದಪ್ಪ ಗಾಜಿನ ಹಲಗೆ, ಉಜ್ಜುವ ಪುಡಿಯ ಡಬ್ಬಗಳು, ಎಷ್ಟು ತಿರುಗಿಸಿದರೂ ತೊಟ್ಟಿಕ್ಕುವ ನಲ್ಲಿ, ಮೂಲೆಯಲ್ಲೊಂದು ಮೈಕ್ರೋಸ್ಕೋಪು. ಇಲ್ಲಿ ಅತ್ತೆಯನ್ನು ಎಲ್ಲರೂ ಸಾಣೆಯಕ್ಕ ಎನ್ನುತ್ತಾರೆ. ಮೇಲಿನವರು ಬೆಟ್ಟ ಗುಡ್ಡ ಅಲೆದು ಕಲ್ಲು ತರುತ್ತಾರೆ. ಸಾಣೆಯಕ್ಕ ಅದರಿಂದ ಬಿಸ್ಕತ್ತಿನಷ್ಟು ಚೂರು ಕೊಯ್ದು, ಗಾಜಿನ ಪಟ್ಟಿಗೆ ಅಂಟಿಸಿ, ಇನ್ನೊಮ್ಮೆ ತೆಳ್ಳಗೆ ಕೊಯ್ದು, ಕೊನೆಗೆ ಗಾಜಿನ ಹಲಗೆಯ ಮೇಲೆ ಪುಡಿ ಮತ್ತು ನೀರು ಹಾಕಿಕೊಂಡು ಕೈಯಿಂದ ಉಜ್ಜುತ್ತಾರೆ. ತಲೆಗೂದಲಿನ ಅರ್ಧ ದಪ್ಪಕ್ಕೆ ಬರುವವರೆಗೆ ಉಜ್ಜುತ್ತಾರೆ. ಅಷ್ಟು ತೆಳುವಾದರೆ ಎಂಥ ಕರಿಗಲ್ಲಿನೊಳಗೂ ಬೆಳಕು ಹಾಯುತ್ತದೆ, ಒಳಗೇನಿದೆ ಎಂದು ಮೈಕ್ರೋಸ್ಕೋಪಿನಲ್ಲಿ ನೋಡಬಹುದು.

ಇನ್ನು ನಾಲ್ಕು ಸಲ ಹೆಚ್ಚಿಗೆ ಉಜ್ಜಿದರೆ ಕಲ್ಲೇ ಇರುವುದಿಲ್ಲ, ಬರೀ ಗಾಜು ಉಳಿಯುತ್ತದೆ. ಎಲ್ಲಿ ನಿಲ್ಲಿಸಬೇಕು ಎನ್ನುವುದೇ ಇಲ್ಲಿನ ವಿದ್ಯೆ. (ಕಥೆಗಾರರಿಗೂ ಇದು ಅನ್ವಯಿಸುತ್ತದೆ ಎಂದು ಒಂದು ವಾಕ್ಯ ಬರೆದಿದ್ದೆ. "ನಿನ್ನ ವಿಷಯ ಯಾಕೆ ಮಧ್ಯೆ?" ಎಂದು ಅತ್ತೆ ತೆಗೆಸಿದರು.)

ಸಾಣೆಯಕ್ಕನಿಗೆ ತನ್ನ ಕೈಯ ಬಗ್ಗೆ ಜಂಬ ಕಡಿಮೆಯೇನಿಲ್ಲ. "ನಾನು ಉಜ್ಜಿದ ಕಲ್ಲು ಬಾಯಿ ಬಿಡದೆ ಇರಲ್ಲ" ಎಂದು ಹೇಳಿಕೊಂಡು ತಿರುಗುತ್ತಾರೆ. ತಾನು ಮಾಡಿದ ಪ್ರತಿ ಸ್ಲೈಡಿನ ಮೂಲೆಯಲ್ಲಿ ವಜ್ರದ ಮೊನೆಯಿಂದ ಒಂದು ಸಣ್ಣ ಚುಕ್ಕಿ ಕೊರೆಯುತ್ತಾರೆ. ಯಾರೂ ಇಡು ಎಂದಿಲ್ಲ, ಬೇಡ ಎನ್ನುವ ಧೈರ್ಯವೂ ಯಾರಿಗಿಲ್ಲ.

೨

ಈಗ ಕುಳಿಯ ವಿಷಯ. ಊರಾಚೆ ಒಂದು ದುಂಡನೆಯ ತಗ್ಗಿದೆ, ಅದರ ನಡುವೆ ಕೆರೆ. ತಗ್ಗಿನ ಸುತ್ತ ಬಟ್ಟಲಿನ ಅಂಚಿನ ಹಾಗೆ ಎದ್ದ ದಿಬ್ಬ. ಸತ್ತ ಜ್ವಾಲಾಮುಖಿ ಎಂದು ಊರವರು ತಲೆತಲಾಂತರದಿಂದ ಹೇಳುತ್ತಾ ಬಂದಿದ್ದಾರೆ. ದಾರಿಯ ಬೋರ್ಡಿನಲ್ಲೂ ಹಾಗೇ ಇದೆ. ಹಿತ್ತಲ ಗಿಡ ಮದ್ದಲ್ಲ ಎಂಬ ಹಾಗೆ, ಮನೆ ಪಕ್ಕದ ತಗ್ಗಿಗೆ ಆಕಾಶದ ಸಂಬಂಧ ಇರಬಹುದೆಂದು ಯಾರಿಗೂ ಹೊಳೆದಿರಲಿಲ್ಲ.

ಹೊಳೆದದ್ದು ಸೊಸೆಗೆ. ಅವಳು ಮೇಲಿನ ಮಹಡಿಯಲ್ಲಿ ಸಂಶೋಧಕಿ. ದಿಬ್ಬದ ಅಂಚಿನಲ್ಲಿ ಕೆಳಗಿರಬೇಕಾದ ಹಳೆಯ ಕಲ್ಲಿನ ಪದರ ಮೇಲಿದೆ, ಮೇಲಿರಬೇಕಾದ ಹೊಸ ಪದರ ಕೆಳಗಿದೆ, ಹಾಸಿಗೆ ಮಗುಚಿದ ಹಾಗೆ. ಉಲ್ಕೆಯ ಒಂದೇ ಏಟಿಗೆ ನೆಲವೆಲ್ಲ ಎದ್ದು ಹೊರಗೆ ಮಗುಚಿ ಬಿದ್ದರೆ ಮಾತ್ರ ಹೀಗಾಗುತ್ತದೆ ಎಂದು ಅವಳ ವಾದ. ಬೇರೆಯವರು ಬೇರೆ ಹೇಳಿದರು. ಹಾಗಾಗಿ ಯಾರೂ ಅಲ್ಲಗಳೆಯಲಾಗದ ಸಾಕ್ಷಿ ಬೇಕಿತ್ತು. ಆ ಸಾಕ್ಷಿ ಇರುವುದು ಕೆರೆಯ ಅಡಿಯಲ್ಲಿ, ಆಳದ ಗ್ರಾನೈಟಿನಲ್ಲಿ, ಅದರೊಳಗಿನ ಬೆಣಚುಕಲ್ಲಿನ ಕಣದಲ್ಲಿ. ಉಲ್ಕೆ ಬಡಿದಾಗ ಕಣ್ಣು ಮಿಟುಕಿಸುವುದರೊಳಗೆ ಆ ಕಣಗಳೊಳಗೆ ಗೆರೆಗಳು ಮೂಡುತ್ತವೆ. ಒಂದಕ್ಕೊಂದು ಸಮನಾಗಿ, ಒತ್ತೊತ್ತಾಗಿ, ಒಂದು ಸಾಲಿನ ಮೇಲೆ ಇನ್ನೊಂದು ಸಾಲು ಓರೆಯಾಗಿ ಹಾಯ್ದ ಗೆರೆಗಳು. ಜ್ವಾಲಾಮುಖಿ ಬೆಣಚುಕಲ್ಲನ್ನು ಒಡೆಯಬಹುದು, ಕರಗಿಸಬಹುದು, ಆದರೆ ಆ ಗೆರೆ ಎಳೆಯುವ ಜೋರು ಅದಕ್ಕಿಲ್ಲ.

"ಅದರಿಂದ ನಮಗೇನು?" ಎಂದು ನೀವು ಕೇಳುವ ಮೊದಲೇ ಹೇಳಿಬಿಡುತ್ತೇನೆ. ಚಂದ್ರನ ಮೈತುಂಬ ಇಂಥ ಗಾಯಗಳಿವೆ, ಹಾಗೇ ಉಳಿದಿವೆ. ಭೂಮಿಗೂ ಪೆಟ್ಟು ಬಿದ್ದದ್ದು ಕಡಿಮೆಯಲ್ಲ. ಆದರೆ ಇಲ್ಲಿ ಮಳೆ, ಗಾಳಿ, ನದಿ ಎಲ್ಲ ಸೇರಿ ತೊಳೆದು, ತುಂಬಿ, ಗುರುತೇ ಸಿಗದ ಹಾಗೆ ಮಾಡಿಬಿಡುತ್ತವೆ. ಅಳಿಯದೆ ಉಳಿದ ಕುಳಿಗಳು ಬೆರಳೆಣಿಕೆ ಎನ್ನುವಷ್ಟು ಅಪರೂಪ. ಉಳಿದ ಒಂದೊಂದೂ ಭೂಮಿಯ ಮೇಲೆ ಏನೇನಾಯಿತು ಎಂದು ಹೇಳುತ್ತದೆ.

ಇನ್ನೊಂದು ಕಾರಣ ಅತ್ತೆಯದು. ಕಲ್ಲಿನ ಕೆಸರು ಮೆತ್ತಿದ ಕೈಯನ್ನು ನಲ್ಲಿಯ ಕೆಳಗೆ ಹಿಡಿದು ಅವರು ಅಂದರು: "ಆ ಕಲ್ಲು ಬಿದ್ದಾಗ ಕೆಳಗಿನ ಬಂಡೆಯೆಲ್ಲ ಆಳದ ತನಕ ಬಿರುಕು ಬಿಟ್ಟಿದೆಯಂತೆ. ಆ ಬಿರುಕಿನಲ್ಲಿ ನೀರು ನಿಂತಿದೆ. ಎಂಥ ಬೇಸಿಗೇಲೂ ಈ ಊರಿನ ನಲ್ಲಿ ನಿಂತಿಲ್ಲ. ಬಿದ್ದಿದ್ದಕ್ಕೆ ಅದಕ್ಕೊಂದು ಥ್ಯಾಂಕ್ಸ್ ಹೇಳ್ಬೇಕು, ಅಲ್ವೇನೋ?"

ಹೇಳಲೇಬೇಕು. ಲೇಖಕರು ಕೃತಜ್ಞತೆಗಳನ್ನು ಪುಸ್ತಕದ ಕೊನೆಗೆ ಹಾಕುತ್ತಾರೆ. ಈ ಕಥೆಯ ಕೊನೆ ನನ್ನ ಕೈಲಿರುತ್ತದೆ ಎನ್ನುವ ಭರವಸೆ ನನಗಿಲ್ಲದ್ದರಿಂದ ಇಲ್ಲೇ ಹೇಳುತ್ತೇನೆ. ಬಿದ್ದ ಕಲ್ಲಿಗೆ, ನಿಂತ ನೀರಿಗೆ, ನೀರು ಕಂಡು ಇಲ್ಲಿ ನೆಲೆಸಿದವರಿಗೆ, ಅವರು ಕಟ್ಟಿದ ಊರಿಗೆ, ಊರಿನಲ್ಲೊಂದು ನೆಲಮಾಳಿಗೆಗೆ, ಅಲ್ಲಿ ದುಡಿದು ಗಂಡನಿಲ್ಲದೆ ಮಗನನ್ನು ಸಾಕಿದ ಈ ಅತ್ತೆಗೆ, ಅವರನ್ನು ನನ್ನ ಕಥೆಯೊಳಗೆ ಬಿಟ್ಟುಕೊಳ್ಳುವ ಬುದ್ಧಿ ಕೊಟ್ಟ ಯಾರಿಗೋ.

"ಸಾಕು, ಮುಂದಕ್ಕೆ ಹೋಗು" ಎಂದರು ಅತ್ತೆ. ಅವರಿಗೆ ನಾಚಿಕೆಯಾಗಿತ್ತು, ತೋರಿಸಿಕೊಳ್ಳಲಿಲ್ಲ.

೩

ಮುಂದೆ ತೊಂದರೆಯಿದೆ. ಕೆರೆಯ ನಡುವೆ ತೆಪ್ಪ ನಿಲ್ಲಿಸಿ ಕೊಳವೆ ಇಳಿಸಿ ಆಳದ ಕಲ್ಲನ್ನು ತೆಗೆದಿದ್ದರು. ಮೇಲೆ ಬಂದದ್ದರಲ್ಲಿ ಹೆಚ್ಚಿನದು ಕೆಸರು, ಪುಡಿಯಾದ ಕಲ್ಲು. ಗಟ್ಟಿ ಗ್ರಾನೈಟು ಸಿಕ್ಕಿದ್ದು ಮೂರೇ ಚೂರು. ಆಮೇಲೆ ಕೊರೆಯುವವರು ಯಂತ್ರ ಬಿಚ್ಚಿಕೊಂಡು ಬೇರೆ ಊರಿಗೆ ಹೋದರು, ಮತ್ತೆ ಬರುವ ಮಾತಿಲ್ಲ.

ಮೂರರಲ್ಲಿ ಎರಡು ಹೋದವು. ಒಂದನ್ನು ಅತ್ತೆ ಉಜ್ಜುತ್ತಾ ಉಜ್ಜುತ್ತಾ ಬರೀ ಗಾಜು ಮಾಡಿಬಿಟ್ಟರು. ಇನ್ನೊಂದು ಕೈಜಾರಿ ಸಿಂಕಿಗೆ ಬಿದ್ದು ಒಡೆಯಿತು. "ಈ ಸಲದ ಪುಡಿ ಸರಿಯಿಲ್ಲ ಕಣೆ, ಒಂದು ಕಡೆ ದಪ್ಪ ಒಂದು ಕಡೆ ಸಣ್ಣ" ಎಂದು ಅತ್ತೆ ಪುಡಿಯ ಡಬ್ಬವನ್ನು ಬೈದರು. ಸೊಸೆ ಹೌದತ್ತೆ ಎಂದಳು, ಹೊಸ ಡಬ್ಬ ತರಿಸಿಕೊಟ್ಟಳು.

(ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂಬ ಗಾದೆಯನ್ನು ಇಲ್ಲಿ ಹಾಕಬಹುದಿತ್ತು. ಹಾಕಿಲ್ಲ. ಹಾಕಿಲ್ಲ ಎಂದು ಹೇಳುತ್ತಲೇ ಹಾಕಿದ್ದೇನೆ, ನಮ್ಮ ಕಸುಬೇ ಹೀಗೆ.)

ಪುಡಿಯಲ್ಲಿ ಏನೂ ದೋಷವಿರಲಿಲ್ಲ. ಅತ್ತೆಯ ಬಲಗೈ ನಡುಗುತ್ತಿತ್ತು.

ಅವರಿಗೇ ಅದು ಮೊದಲು ಗೊತ್ತಾದದ್ದು ಮನೆಯಲ್ಲಿ, ಸಾಸರಿನಿಂದ. ಕಪ್ಪು ಎತ್ತಿದರೆ ಸಾಸರಿನ ಮೇಲೆ ಕಟಕಟ ಸದ್ದು. ಮಾರನೇ ದಿನದಿಂದ ಅತ್ತೆ ಸಾಸರು ಬಿಟ್ಟರು. "ಅಷ್ಟೊಂದು ಪಾತ್ರೆ ತೊಳೆಯೋರು ಯಾರು?" ಎಂದರು. ಸೂಜಿಗೆ ದಾರ ಪೋಣಿಸುವುದನ್ನು ಮಗನಿಗೆ ಬಿಟ್ಟರು. ಕನ್ನಡಕ ಬದಲಾಯಿಸಬೇಕು ಎಂದು ಕಣ್ಣಿನ ಮೇಲೆ ಹಾಕಿದರು. ಮಗ ಲಿಫ್ಟ್ ರಿಪೇರಿಯವನು. ಯಂತ್ರದ ಸದ್ದು ಒಂದು ಎಳೆ ಬದಲಾದರೂ ಹಿಡಿಯುತ್ತಾನೆ, ತಾಯಿಯ ಕಪ್ಪಿನ ಸದ್ದು ಅವನ ಕಿವಿಗೆ ಬೀಳಲಿಲ್ಲ.

ಅಷ್ಟರಲ್ಲಿ ಅತ್ತೆಗೆ ಸೊಸೆಯ ಮೇಲೆ ಸಣ್ಣದೊಂದು ಅಸಮಾಧಾನವೂ ಶುರುವಾಗಿತ್ತು. ಬೆಳಿಗ್ಗೆ ಟೀ ಮಾಡುವವಳು ಅವಳು. ಇತ್ತೀಚೆಗೆ ಅರ್ಧ ಕಪ್ಪೇ ಕೊಡುತ್ತಾಳೆ. ಮಗನಿಗೆ ತುಂಬಿದ ಕಪ್ಪು, ತನಗೆ ಅರ್ಧ. "ನಿನ್ನ ಹೆಂಡ್ತಿ ಕೈ ಬಿಗಿಯಾಗಿದೆ ಕಣೋ" ಎಂದು ಮಗನ ಹತ್ತಿರ ಅಂದೂ ಆಗಿತ್ತು. ಅವನು ತನ್ನ ಕಪ್ಪನ್ನು ತಾಯಿಯ ಕಡೆ ಸರಿಸಿದ್ದ.

ಈ ಜಾಗದಲ್ಲಿ ನಾನು ಕಥೆಯನ್ನು ದುಃಖದ ಕಡೆ ತಿರುಗಿಸಲು ನೋಡಿದೆ. ನಡುಗುವ ಕೈ, ಮುಗಿದುಹೋಗುವ ಕಸುಬು, ಕಿಟಕಿಯಿಲ್ಲದ ಕೋಣೆ. ಎರಡು ಪ್ಯಾರಾ ಸೊಗಸಾಗಿ ಬಂದವು.

"ನನ್ನ ಕೈ ನಡುಗಿದ್ರೆ ನಿನಗೆ ಲಾಭ, ಅಲ್ವಾ?" ಎಂದರು ಅತ್ತೆ.

"ಹಾಗಲ್ಲಮ್ಮ. ಬೇಡ ಅಂದ್ರೆ ನಡುಗದ ಹಾಗೆ ಬರೀತೀನಿ. ನನ್ನ ಕೈಲೇ ಇದೆಯಲ್ಲ."

"ಸುಳ್ಳು ಯಾಕೆ ಬರೀತೀಯ? ನಡುಗುತ್ತೆ. ಅವಳಿಗೆ ಮಾತ್ರ ಗೊತ್ತಾಗಬಾರದು. ಈ ಕೈ ನಂಬ್ಕೊಂಡು ಅವಳು ಇಷ್ಟು ವರ್ಷ ಕೆಲಸ ಮಾಡಿದಾಳೆ. ಗೊತ್ತಾದ್ರೆ ಮುಖ ಹೇಗೆ ತೋರಿಸ್ಲಿ?"

ಮಾತು ಕೊಟ್ಟೆ. ಸೊಸೆ ಈಗ ಲಿಫ್ಟಿನಲ್ಲಿ ಇಳಿದು ಬರುತ್ತಾಳೆ. ಓದುಗರೇ, ನೀವೂ ಸ್ವಲ್ಪ ಬಾಯಿ ಬಿಗಿಹಿಡಿಯಿರಿ.

೪

ಲಿಫ್ಟು ಎಂದಾಗ ನೆನಪಾಯಿತು, ಈ ಸೊಸೆ ಮನೆಗೆ ಬಂದದ್ದೇ ಲಿಫ್ಟಿನ ದೆಸೆಯಿಂದ. ಆಗ ವಿದ್ಯಾರ್ಥಿನಿ. ಒಂದು ಚೀಲ ಕಲ್ಲಿನ ಜೊತೆ ಎರಡು ಮಹಡಿಗಳ ನಡುವೆ ಸಿಕ್ಕಿಕೊಂಡಳು. ರಿಪೇರಿಗೆ ಬಂದವನು ಅತ್ತೆಯ ಮಗ. ಬಾಗಿಲನ್ನು ಅಷ್ಟಿಷ್ಟು ಸರಿಸಿ ಕೈ ಚಾಚಿದರೆ, ಅವಳು ಮೊದಲು ಕಲ್ಲಿನ ಚೀಲವನ್ನು ಅವನ ಕೈಗಿಟ್ಟಳು. ಅದನ್ನು ಇಳಿಸಿ ಬಂದ ಮೇಲೆ ತನ್ನ ಕೈ ಕೊಟ್ಟಳು. "ಕಲ್ಲನ್ನ ಮೊದಲು ಕೊಟ್ಲಲ್ಲ, ಆವಾಗ್ಲೇ ಇವಳು ನಮ್ಮ ಮನೆಯೋಳು ಅಂದ್ಕೊಂಡೆ" ಎಂದು ಅತ್ತೆ ಇವತ್ತಿಗೂ ಹೇಳುತ್ತಾರೆ. ಮಗನ ಅಭಿಪ್ರಾಯವನ್ನು ಯಾರೂ ಕೇಳಿದ ಹಾಗಿಲ್ಲ. ಕೇಳಿದ್ದರೂ ಅವನು ಹೂಂ ಎನ್ನುತ್ತಿದ್ದ.

೫

ಮಧ್ಯಾಹ್ನ ಊಟ ಮುಗಿದ ಹೊತ್ತು. ಸೊಸೆ ಹತ್ತಿಯಲ್ಲಿ ಸುತ್ತಿದ ಕೊನೆಯ ಚೂರನ್ನು ತಂದು ಮೇಜಿನ ಮೇಲಿಟ್ಟಳು.

"ಇದನ್ನ ಬೇರೆ ಲ್ಯಾಬಿಗೆ ಕಳಿಸಿಬಿಡು" ಎಂದರು ಅತ್ತೆ, ಅವಳ ಮುಖ ನೋಡದೆ. "ಈ ಪುಡಿ ಮೇಲೆ ನಂಗೆ ನಂಬಿಕೆ ಇಲ್ಲ."

"ನೀವೇ ಮಾಡಿ ಅತ್ತೆ."

"ಇದೊಂದೇ ಉಳಿದಿರೋದು ಕಣೆ."

"ಅದಕ್ಕೇ ಅಂದಿದ್ದು."

ಕೊಯ್ಯುವುದು, ಅಂಟಿಸುವುದು, ಮತ್ತೆ ಕೊಯ್ಯುವುದು ಯಂತ್ರದ ಕೆಲಸ. ಅಂಟು ಒಣಗುವ ತನಕ ಕಾದು, ಅದೆಲ್ಲ ಮುಗಿದ ಮೇಲೆ ಕೈಯಿಂದ ಉಜ್ಜುವುದು ಉಳಿಯಿತು. ಅತ್ತೆ ಸೊಸೆಯನ್ನು ಟೀ ತರಲು ಓಡಿಸಿದರು. ಬಾಗಿಲು ಹಾಕಿಕೊಂಡರು.

ಗಾಜಿನ ಹಲಗೆಗೆ ಚಿಟಿಕೆ ಪುಡಿ, ನಾಲ್ಕು ಹನಿ ನೀರು. ಸ್ಲೈಡನ್ನು ಮಗುಚಿ ಇಟ್ಟು ದುಂಡಗೆ ಉಜ್ಜತೊಡಗಿದರು. ಎಡಗೈಯಿಂದ ಬಲಗೈಯ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದರು. ಸ್ವಲ್ಪ ಉಜ್ಜಿ, ತೊಳೆದು, ಮೈಕ್ರೋಸ್ಕೋಪಿನ ಕೆಳಗಿಟ್ಟು ನೋಡಿದರು. ಆ ಯಂತ್ರದ ವಿಶೇಷ ಬೆಳಕಿನಲ್ಲಿ ಬೆಣಚುಕಲ್ಲು ದಪ್ಪಗಿದ್ದಷ್ಟೂ ಬಣ್ಣ ಬಣ್ಣ. ತೆಳುವಾದ ಹಾಗೆ ಕೆಂಪು ಹೋಗಿ ಹಳದಿ, ಹಳದಿ ಹೋಗಿ ಬೂದು ಬಿಳುಪು. ಆ ಬಿಳುಪು ಬಂದಾಗ ನಿಲ್ಲಿಸಬೇಕು. ಈಗ ಕೆಂಪಿತ್ತು. ಇನ್ನೊಂದಿಷ್ಟು ಉಜ್ಜಿದರು. ಹಳದಿಯ ಅಂಚು ಕಂಡಿತು. ಇನ್ನು ಉಳಿದದ್ದು ಕೊನೆಯ, ಕೂದಲೆಳೆಯ ಕೆಲಸ.

ಕೈ ಅಲ್ಲೇ ಕೈಕೊಟ್ಟಿತು. ಎಡಗೈ ಹಿಡಿದಷ್ಟೂ ಬಲಗೈ ಕುಣಿಯಿತು. ಅತ್ತೆ ಸ್ಲೈಡು ಕೆಳಗಿಟ್ಟು ಸ್ಟೂಲಿನ ಮೇಲೆ ಕೂತರು.

"ಕರೆಂಟು ಹೋಯ್ತು ಅಂತ ಬರೀಲಾ?" ಎಂದು ಕೇಳಿದೆ. "ಇವತ್ತಿಗೆ ನಿಂತುಹೋಗುತ್ತೆ."

ಅವರು ಬೇಡವೆಂದು ತಲೆಯಾಡಿಸಿದರು.

"ಲಿಫ್ಟು ಕೆಟ್ಟಿತು ಅಂತ? ಮಗ ಬರ್ತಾನೆ, ಅವನ ಕೈಲಿ..."

"ಅವನು ಉಜ್ಜಿದ್ರೆ ಗಾಜೂ ಉಳಿಯಲ್ಲ. ಸುಮ್ನಿರು." ಸ್ಲೈಡಿನ ಕಡೆ ಕೈ ತೋರಿಸಿದರು. "ಅವಳ ಐದು ವರ್ಷದ ಕೆಲಸ ಕಣಪ್ಪಾ ಇದು. ನನ್ನ ಜಂಬಕ್ಕೆ ಎರಡು ಚೂರು ಹೋದವು. ಇದನ್ನೂ ಕಳೀಲಾ?"

ನನಗೆ ಮೂರು ಚುಕ್ಕಿ ಇಡುವುದಕ್ಕೂ ಮನಸ್ಸು ಬರಲಿಲ್ಲ.

ಬಾಗಿಲು ತೆರೆಯಿತು. ಸೊಸೆ ಎರಡು ಕಪ್ಪು ಹಿಡಿದು ಬಂದಳು. ತನ್ನದು ಅಂಚಿನವರೆಗೆ ತುಂಬಿತ್ತು. ಅತ್ತೆಯ ಕೈಗೆ ಕೊಟ್ಟದ್ದು ಅರ್ಧ ಕಪ್ಪು, ಸಾಸರಿಲ್ಲ.

ಅತ್ತೆ ಕಪ್ಪು ತೆಗೆದುಕೊಂಡರು. ಕೈ ನಡುಗಿತು. ಟೀ ಕಪ್ಪಿನೊಳಗೆ ಅತ್ತಿಂದಿತ್ತ ಏರಿಳಿಯಿತು, ಅಂಚು ಮುಟ್ಟಲಿಲ್ಲ, ಒಂದು ಹನಿಯೂ ಚೆಲ್ಲಲಿಲ್ಲ. ಅತ್ತೆ ಆ ಕಪ್ಪನ್ನೇ ನೋಡುತ್ತಾ ಕೂತರು.

(ಮಾತು ಕೊಟ್ಟಂತೆ ನಾನು ಏನೂ ಹೇಳಿರಲಿಲ್ಲ. ನೀವೂ ಹೇಳಿಲ್ಲ ಎಂದು ಬಲ್ಲೆ.)

"ಯಾವಾಗಿಂದ ಗೊತ್ತು ನಿಂಗೆ?"

"ಯಾವುದು?"

"ನಾಟಕ ಬೇಡ ಕಣೆ."

ಸೊಸೆ ತನ್ನ ಕಪ್ಪನ್ನು ಪಕ್ಕಕ್ಕಿಟ್ಟಳು. "ನೀವು ಸಾಸರ್ ಬಿಟ್ಟ ದಿನದಿಂದ."

"ಮತ್ತೆ ಪುಡಿ ಡಬ್ಬ ಯಾಕೆ ತರಿಸಿದೆ?"

"ನೀವು ಕೇಳಿದ್ರಲ್ಲ."

ಅತ್ತೆಗೆ ನಗುವೂ ಬಂತು, ಕಣ್ಣೀರೂ ಬಂತು. ನಗುವನ್ನು ಮೊದಲು ಮುಗಿಸಿದರು. "ನಿನ್ನ ಕೈ ಬಿಗಿ ಅಂತ ನಿನ್ನ ಗಂಡನ ಹತ್ರ ದೂರು ಬೇರೆ ಹೇಳಿದ್ದೆ. ಗೊತ್ತಿದ್ದೂ ಈ ಚೂರನ್ನ ನನಗೇ ಯಾಕೆ ತಂದುಕೊಟ್ಟೆ? ಅತ್ತೆ ಒಡೆದ ಪಾತ್ರೆಗೆ ಬೆಲೆಯಿಲ್ಲ ಅಂತಲಾ?"

"ಕೈ ನಂದಿದೆ ಅತ್ತೆ. ಆದ್ರೆ ಎಲ್ಲಿ ನಿಲ್ಲಿಸ್ಬೇಕು ಅಂತ ನಂಗೆ ಇವತ್ತಿಗೂ ಗೊತ್ತಾಗಲ್ಲ. ಆಸೆ ಜಾಸ್ತಿ, ಇನ್ನೊಂಚೂರು, ಇನ್ನೊಂಚೂರು ಅಂತ ಉಜ್ಜಿಬಿಡ್ತೀನಿ. ಅದು ನಿಮ್ಮ ಬೆರಳಿಗೇ ಗೊತ್ತಾಗ್ಬೇಕು. ಬನ್ನಿ, ಇಬ್ರೂ ಮಾಡೋಣ."

ಅತ್ತೆ ಕಪ್ಪನ್ನು ಮೇಜಿನ ಮೇಲಿಟ್ಟು ಸ್ಲೈಡಿನ ಮೇಲೆ ಬೆರಳಿಟ್ಟರು. ಸೊಸೆ ಅವರ ಬೆರಳ ಮೇಲೆ ತನ್ನ ಬೆರಳಿಟ್ಟಳು. ಗಾಜಿನ ಮೇಲೆ ಪುಡಿ ಕರಕರ ಎಂದಿತು. ಅತ್ತೆ ಕಣ್ಣು ಮುಚ್ಚಿಕೊಂಡು, "ಮೆಲ್ಲಗೆ... ಹಾಂ... ಎಡಕ್ಕೆ ಭಾರ ಬಿಡಬೇಡ... ಇನ್ನು ಎರಡು ಸುತ್ತು..." ಎನ್ನುತ್ತಿದ್ದರು. ಆಮೇಲೆ ಒಮ್ಮೆಲೇ, "ಸಾಕು!"

ಸೊಸೆ ನಿಲ್ಲಿಸಿದಳು. ನನಗಾಗಿದ್ದರೆ ಇನ್ನೊಂದು ಸುತ್ತು ಹೋಗುವ ಆಸೆ ತಡೆಯಲಾಗುತ್ತಿರಲಿಲ್ಲ.

೬

ತೊಳೆದು, ಒರೆಸಿ, ಮೈಕ್ರೋಸ್ಕೋಪಿಗೆ ಇಟ್ಟು ಅತ್ತೆಯೇ ಮೊದಲು ಬಗ್ಗಿ ನೋಡಿದರು.

"ನನ್ನ ಜೀವಮಾನದಲ್ಲಿ ಇಷ್ಟು ಕೆಟ್ಟ ಸ್ಲೈಡು ಮಾಡಿಲ್ಲ" ಎಂದರು.

ಇಬ್ಬರ ಬೆರಳ ಭಾರ ಸಮನಾಗಿ ಬೀಳದೆ ಕಲ್ಲು ಓರೆಯಾಗಿ ಸವೆದಿತ್ತು. ಒಂದು ಅಂಚು ಇನ್ನೂ ದಪ್ಪ, ಅಲ್ಲಿ ಹಳದಿ. ಇನ್ನೊಂದು ಅಂಚಿನಲ್ಲಿ ಕಲ್ಲೇ ಇಲ್ಲ, ಬರೀ ಗಾಜು. ಆದರೆ ಓರೆಯಾಗಿ ಸವೆದ ಮೇಲೆ, ದಪ್ಪಕ್ಕೂ ಇಲ್ಲದ್ದಕ್ಕೂ ನಡುವೆ ಎಲ್ಲೋ ಒಂದು ಕಡೆ ಸರಿಯಾದ ತೆಳು ಇರಲೇಬೇಕಲ್ಲ? ಇತ್ತು. ಬೆರಳ ಉಗುರಿನಷ್ಟು ಅಗಲದ ಒಂದು ಪಟ್ಟಿ, ಬೂದು ಬಿಳುಪಾಗಿ. ಆ ಪಟ್ಟಿಯ ನಡುವೆ ಬೆಣಚುಕಲ್ಲಿನ ಒಂದು ದೊಡ್ಡ ಕಣ ಬಿದ್ದಿತ್ತು.

ಈಗ ನನ್ನ ಸರದಿ. ಎರಡು ಮುಕ್ತಾಯಗಳನ್ನು ಬೆಳಿಗ್ಗೆಯೇ ಬರೆದಿಟ್ಟುಕೊಂಡಿದ್ದೆ.

ಮುಕ್ತಾಯ ಅ: ಕಣದಲ್ಲಿ ಗೆರೆಗಳಿವೆ. ಸಾಲಿನ ಮೇಲೆ ಸಾಲು ಓರೆಯಾಗಿ. ದಾರಿಯ ಬೋರ್ಡು ಬದಲಾಗುತ್ತದೆ. ಕೆರೆಯ ದಂಡೆಯಲ್ಲಿ ಸಭೆ, ಭಾಷಣ. ಅತ್ತೆ ಮುಂದಿನ ಸಾಲಿನಲ್ಲಿ ಕೂತು ತೂಕಡಿಸುತ್ತಾರೆ.

ಮುಕ್ತಾಯ ಆ: ಕಣ ಕನ್ನಡಿಯಷ್ಟು ನುಣುಪು. ಗೆರೆಯಿಲ್ಲ. ಇದೊಂದು ಕಣದಲ್ಲಿ ಇಲ್ಲವೆಂದ ಮಾತ್ರಕ್ಕೆ ಉಲ್ಕೆ ಬಿದ್ದಿಲ್ಲ ಎಂದಲ್ಲ, ಆದರೆ ಬಿದ್ದಿತ್ತು ಎನ್ನಲೂ ಆಗುವುದಿಲ್ಲ. ಬೋರ್ಡು ಹಾಗೇ ಇರುತ್ತದೆ. ನಲ್ಲಿಯಲ್ಲಿ ನೀರು ಬರುತ್ತಲೇ ಇರುತ್ತದೆ.

"ಯಾವುದು ಹಾಕಲಿ?" ಎಂದೆ.

"ಎರಡೂ ನಿನ್ನ ಹತ್ರಾನೇ ಇಟ್ಕೋ" ಎಂದರು ಅತ್ತೆ. ಅವರು ಮತ್ತೆ ಬಗ್ಗಿ ಬಹಳ ಹೊತ್ತು ನೋಡಿದರು. ತಲೆಯೆತ್ತಿದಾಗ ಮುಖದಲ್ಲಿ ಏನೂ ತೋರಗೊಡಲಿಲ್ಲ. ವಜ್ರದ ಮೊನೆ ತೆಗೆದುಕೊಂಡು ಸ್ಲೈಡಿನ ಮೂಲೆಯಲ್ಲಿ ಒಂದು ಚುಕ್ಕಿ ಕೊರೆದರು. ಕೈ ನಡುಗಿ ಚುಕ್ಕಿ ಸಣ್ಣದೊಂದು ಬಾಲ ಬಿಟ್ಟಿತು. ಅದರ ಪಕ್ಕದಲ್ಲಿ ಇನ್ನೊಂದು ಚುಕ್ಕಿ ಕೊರೆದರು.

"ಎರಡ್ಯಾಕೆ ಅತ್ತೆ?"

"ಕೆಟ್ಟ ಸ್ಲೈಡಿನ ಹೆಸರು ನಾನೊಬ್ಬಳೇ ಹೊರಲಾ? ಬಾ, ನೀನೇ ನೋಡು. ನಿನ್ನ ಕಲ್ಲು."

ಸ್ಲೈಡನ್ನು ಮತ್ತೆ ಇಟ್ಟು ಸ್ಟೂಲಿನಿಂದ ಎದ್ದರು. ಸೊಸೆ ಕೂತು ಕಣ್ಣಿಟ್ಟಳು. ನಾನು ಅವಳ ಭುಜದ ಮೇಲಿಂದ ಇಣುಕಿದೆ. ಅವಳ ಕೂದಲು ಬಿಟ್ಟು ಏನೂ ಕಾಣಲಿಲ್ಲ. ಎಲ್ಲವನ್ನೂ ಬಲ್ಲ ಲೇಖಕ ಎನ್ನುವುದೆಲ್ಲ ಇಷ್ಟೇ, ಒಂದು ಕಣ್ಣಿನ ಮೈಕ್ರೋಸ್ಕೋಪಿನ ಮುಂದೆ ಅವನೂ ಸಾಲಿನಲ್ಲಿ ನಿಲ್ಲಬೇಕು.

ಅವಳು ಕಣ್ಣು ತೆಗೆಯದೆ, ಒಂದು ಕೈಯನ್ನು ಹಿಂದಕ್ಕೆ ಚಾಚಿ ಅತ್ತೆಯ ಕೈಗಾಗಿ ತಡಕಾಡಿದಳು. ಅತ್ತೆ ಕೊಟ್ಟರು. ಈಗ ಜೋರಾಗಿ ನಡುಗುತ್ತಿದ್ದದ್ದು ಸೊಸೆಯ ಕೈ. ಅತ್ತೆ ಅದನ್ನು ತಮ್ಮ ಎರಡು ಕೈಗಳ ನಡುವೆ ಇಟ್ಟುಕೊಂಡು, ನಡುಕ ನಿಲ್ಲಲಿ ಎಂದು ಹಾಗೇ ಹಿಡಿದು ನಿಂತರು.

"ಏನು ಕಾಣಿಸ್ತು? ಇದೆಯೋ ಇಲ್ವೋ?" ಎಂದೆ, ತಡೆಯಲಾರದೆ.

"ತಡ್ಕೋಪ್ಪಾ" ಎಂದರು ಅತ್ತೆ, ನನ್ನ ಕಡೆ ತಿರುಗದೆ. "ಎಷ್ಟೋ ಕೋಟಿ ವರ್ಷ ಕಲ್ಲು ಕಾದಿದೆ. ಅವಳು ಕಣ್ತುಂಬ ನೋಡ್ಲಿ. ಆಮೇಲೆ ನಿನ್ನ ಸರದಿ."

ಕಾಯುತ್ತಿದ್ದೇನೆ. ನನ್ನ ಹಿಂದೆ ನೀವಿದ್ದೀರಿ. ಮೇಜಿನ ಮೇಲೆ ಸೊಸೆಯ ತುಂಬಿದ ಕಪ್ಪು ಮುಟ್ಟದೆ ಹಾಗೇ ಇದೆ. ಅತ್ತೆಯ ಅರ್ಧ ಕಪ್ಪೂ ಇದೆ. ಆರುವ ಮೊದಲು ನಾವಿಬ್ಬರೂ ಕುಡಿದರೆ ಅವರು ಬೇಡವೆನ್ನಲಿಕ್ಕಿಲ್ಲ.